ಒಪ್ಪಿಗೆಗೆ ಕಾದ ಮಿಡಿಸೌತೆ

ಆಸ್ಟಿನ್‌ನ ಬಾರ್ಬೆಕ್ಯೂ ಅಂಗಡಿಗಳ ಮುಂದೆ ಶನಿವಾರ ಬಾಗಿಲು ತೆರೆಯುವ ಎಷ್ಟೋ ಹೊತ್ತು ಮೊದಲೇ ಜನ ಮಡಚುವ ಕುರ್ಚಿ ತಂದು ಸಾಲಾಗಿ ಕೂತಿರುತ್ತಾರೆ. ನಾನು ಆ ಸಾಲಿಗೆ ಸೇರಿದವನಲ್ಲ. ಹಿಂಬಾಗಿಲ ಬಳಿ ವ್ಯಾನ್ ನಿಲ್ಲಿಸಿ, ಬಿಳಿ ಬಕೆಟ್ಟುಗಳನ್ನು ಕೈಗಾಡಿಯ ಮೇಲೆ ಪೇರಿಸಿ ಒಳಗೆ ತಳ್ಳುವವನು. ಇಲ್ಲಿ ತಟ್ಟೆಯ ಬದಲು ದಪ್ಪ ಕಾಗದ ಹಾಸುತ್ತಾರೆ. ಅದರ ಮೇಲೆ ರಾತ್ರಿಯಿಡೀ ಹೊಗೆಯಲ್ಲಿ ಬೆಂದ ಮಾಂಸ, ಬಿಳಿ ಬ್ರೆಡ್ಡು, ಹಸಿ ಈರುಳ್ಳಿ, ಪಕ್ಕದಲ್ಲಿ ಹುಳಿ ಹಿಡಿದ ಸೌತೆಕಾಯಿಯ ಬಿಲ್ಲೆಗಳು. ಆ ಮಾಂಸ ನಾನು ಮುಟ್ಟುವುದಿಲ್ಲ. ಆದರೆ ಆ ಬಿಲ್ಲೆ ನನ್ನದು.

ಬಿಲ್ಲೆಯಾಗುವ ಮೊದಲು ಅದು ತುಮಕೂರು ಕಡೆಯ ಹೊಲದಲ್ಲಿ ಬಳ್ಳಿಗೆ ನೇತಾಡುತ್ತಿದ್ದ ಮಿಡಿಸೌತೆ. ಇದನ್ನು ಹೇಳಿದರೆ ಟೆಕ್ಸಾಸ್‌ನ ನಮ್ಮ ಜನರೇ ನಂಬುವುದಿಲ್ಲ. ನಂಬದಿರುವುದು ಅವರ ತಪ್ಪೂ ಅಲ್ಲ. ನಮ್ಮ ಕಡೆ ಎಕರೆಗಟ್ಟಲೆ ಮಿಡಿಸೌತೆ ಬೆಳೆಯುತ್ತಾರೆ, ಬೆಳೆಯುವವರು ಮಾತ್ರ ಒಬ್ಬರೂ ತಿನ್ನುವುದಿಲ್ಲ. ಉಪ್ಪುನೀರು, ಹುಳಿನೀರಿನಲ್ಲಿ ತಿಂಗಳುಗಟ್ಟಲೆ ನೆನೆದ ಕಾಯನ್ನು ಯಾರ ಮುಂದಿಟ್ಟರೂ ಖಾರ ಎಲ್ಲಿ, ಒಗ್ಗರಣೆ ಎಲ್ಲಿ ಎಂದು ಕೇಳುತ್ತಾರೆ. ಬಳ್ಳಿಯಿಂದ ಶೆಡ್ಡಿಗೆ, ಶೆಡ್ಡಿನಿಂದ ಪೀಪಾಯಿಗೆ, ಪೀಪಾಯಿಯಿಂದ ಹಡಗಿಗೆ. ಹೂಸ್ಟನ್ ಬಂದರಿನಲ್ಲಿ ಇಳಿದ ಮೇಲೆ ನನ್ನ ಕೈಗೆ ಬರುತ್ತದೆ. ಬಂದರಿನಿಂದ ಸ್ವಲ್ಪ ದೂರದಲ್ಲಿ ನನ್ನದೊಂದು ಶೆಡ್ಡಿದೆ. ಅಲ್ಲಿ ತೊಳೆದು, ಯಂತ್ರದಲ್ಲಿ ಬಿಲ್ಲೆ ಮಾಡಿ, ಬಕೆಟ್ಟಿಗೆ ತುಂಬಿ ಆಸ್ಟಿನ್ನಿಗೂ ಡಾಲಸ್ ಕಡೆಗೂ ನಾನೇ ಕೊಂಡೊಯ್ಯುತ್ತೇನೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಿಸಿದರು ಎಂದು ಯಾರ ಮೇಲೂ ಹೊರಿಸುವುದಿಲ್ಲ, ಬಿಟ್ಟೆ. ಊರ ಹೊರಗೆ ಮಿಡಿಸೌತೆಯ ಶೆಡ್ಡು ಹೊಸದಾಗಿ ಶುರುವಾಗಿತ್ತು. ಅಲ್ಲಿ ಕಾಯಿ ಆರಿಸುವ ಮೇಜಿಗೆ ಸೇರಿಕೊಂಡೆ. ಆ ಮೇಜಿನ ಮೇಲ್ವಿಚಾರಣೆ ಒಬ್ಬ ಹೆಂಗಸಿನದು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಬೆರಳು ಗಾತ್ರದ ಕಾಯಿಯ ಬುಟ್ಟಿಗೆ ಹೆಬ್ಬೆರಳು ಗಾತ್ರದ್ದು ಹಾಕಿದರೆ ಮಣಿಕಟ್ಟಿಗೆ ಪಟ್ಟೆಂದು ಬೀಳುತ್ತಿತ್ತು. ನೋಯುವಂತೆ ಹೊಡೆಯುತ್ತಿರಲಿಲ್ಲ, ಮರೆಯದಂತೆ ಹೊಡೆಯುತ್ತಿದ್ದರು. ಮುಂದೆ ಮಾಲೀಕರು ವ್ಯಾಪಾರ ಕೈಬಿಟ್ಟಾಗ ಅಕ್ಕ ಆ ಶೆಡ್ಡನ್ನು ತಾವೇ ಬಾಡಿಗೆಗೆ ಹಿಡಿದರು. ಜೊತೆಯಲ್ಲಿ ಕಾಯಿ ಆರಿಸುತ್ತಿದ್ದ ಹೆಂಗಸರನ್ನೆಲ್ಲ ಉಳಿಸಿಕೊಂಡರು.

ನಾನು ಅಮೆರಿಕಕ್ಕೆ ಬಂದದ್ದು ಹೆಂಡತಿಯ ಹಿಂದೆ. ಅವಳು ಮೈಸೂರಿನವಳು, ನರ್ಸು. ಹೂಸ್ಟನ್ನಿನ ಆಸ್ಪತ್ರೆಯೊಂದು ಅವಳನ್ನು ಕರೆಸಿಕೊಂಡಿತು, ಅವಳ ಕಾಗದಪತ್ರದ ಕೊನೆಯಲ್ಲಿ ನನ್ನ ಹೆಸರೂ ಇತ್ತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಬಂದ ವಾರದಲ್ಲೇ ಗೋದಾಮೊಂದರಲ್ಲಿ ಮೂಟೆ ಇಳಿಸುವ ಕೆಲಸ ಹಿಡಿದೆ, ಮನೆಯಲ್ಲಿ ಒಂದು ದಿನವೂ ಕೂತು ಉಣ್ಣಲಿಲ್ಲ ಎಂಬುದನ್ನೂ ಜೊತೆಗೇ ಹೇಳುತ್ತೇನೆ. ಆ ಗೋದಾಮಿನಲ್ಲಿ ಒಂದು ದಿನ ನೀಲಿ ಪೀಪಾಯಿಯ ಮುಚ್ಚಳ ತೆಗೆದಾಗ ಬಂದ ವಾಸನೆ ನನ್ನನ್ನು ನಿಲ್ಲಿಸಿಬಿಟ್ಟಿತು. ಕಾಯಿ ನಮ್ಮ ಕಡೆಯದೇ. ಅಂದೇ ಅಕ್ಕನಿಗೆ ಫೋನ್ ಮಾಡಿದೆ. ಹಾಗೆ ಶುರುವಾದದ್ದು ನನ್ನ ವ್ಯಾಪಾರ. ಅಂದಿನಿಂದ ನನಗೆ ಬರುವ ಕಾಯೆಲ್ಲ ಅಕ್ಕನ ಶೆಡ್ಡಿನದು, ಅಕ್ಕನ ಶೆಡ್ಡಿನ ಬಹುಪಾಲು ಕಾಯಿ ನನ್ನದು. ನಮ್ಮಿಬ್ಬರ ನಡುವೆ ಮಾತೇ ಕರಾರು.

ಈ ಬೆಳೆಯಲ್ಲಿ ಗಾತ್ರವೇ ಎಲ್ಲ. ಬೆಳಿಗ್ಗೆ ಕಿರುಬೆರಳಿನಷ್ಟಿದ್ದ ಕಾಯನ್ನು ಬಿಟ್ಟರೆ ಮರುದಿನಕ್ಕೆ ಹೆಬ್ಬೆರಳು ದಾಟಿರುತ್ತದೆ. ಯುರೋಪಿನವರು ಸಣ್ಣದನ್ನು ಇಡಿಯಾಗಿ ಬಾಟಲಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಟೆಕ್ಸಾಸ್‌ನವರಿಗೆ ದಪ್ಪದ್ದೇ ಬೇಕು, ಬಿಲ್ಲೆ ಅಗಲವಾಗಬೇಕು. ಒಂದೇ ಬಳ್ಳಿ, ಒಂದೇ ಕಾಯಿ. ಯಾವ ದಿನ ಕಿತ್ತರು ಎಂಬುದರ ಮೇಲೆ ಅದು ಯಾವ ಹಡಗು ಹತ್ತಬೇಕೆಂಬುದು ತೀರ್ಮಾನವಾಗುತ್ತದೆ. ಸಣ್ಣದು ಕೀಳಿಸಿದರೆ ದಪ್ಪದ್ದು ಇಲ್ಲ. ಎರಡನ್ನೂ ಒಂದೇ ಬಳ್ಳಿಯಿಂದ ಕೇಳಲಾಗದು.

ಹೀಗಿರುವಾಗ ಇಲ್ಲಿನ ಸರ್ಕಾರ ನಮ್ಮ ದೇಶದ ಸಾಮಾನಿನ ಮೇಲೆ ಸುಂಕ ಏರಿಸಿತು. ಬಂದರಿನಲ್ಲಿ ನಿಂತು ಆ ಸುದ್ದಿ ಕೇಳಿದ ದಿನ ನನ್ನ ಜೊತೆ ಎಷ್ಟೋ ಜನ ಸಣ್ಣ ವ್ಯಾಪಾರಿಗಳಿದ್ದರು. ಎಲ್ಲರೂ ಫೋನು ತೆಗೆದು ಲೆಕ್ಕ ಹಾಕತೊಡಗಿದರು. ನಾನು ಬೆಲೆ ಏರಿಸಲಿಲ್ಲ, ಲಾಭ ಬಿಟ್ಟೆ. ಹೆಂಡತಿಯ ಸಂಬಳದಿಂದ ಮನೆ ನಡೆಯಿತು. ಅಕ್ಕನಿಂದ ತರಿಸುವುದು ಕಡಿಮೆ ಮಾಡಬೇಕಾಯಿತು. ಅವರು ಏನೂ ಅನ್ನಲಿಲ್ಲ. ಆದರೆ ಶೆಡ್ಡು ವಾರಕ್ಕೆ ಎಲ್ಲ ದಿನವೂ ತೆರೆಯುತ್ತಿಲ್ಲ ಎಂಬುದು ಫೋನಿನ ಹಿಂದಿನ ಸದ್ದಿನಿಂದಲೇ ತಿಳಿಯುತ್ತಿತ್ತು. ಮೊದಲು ಹೆಂಗಸರ ಮಾತು, ಕಾಯಿ ಉರುಳುವ ಸದ್ದು, ನೀರು ಸುರಿಯುವ ಸದ್ದು ಎಲ್ಲ ಸೇರಿ ಅಕ್ಕನ ಮಾತೇ ಕೇಳುತ್ತಿರಲಿಲ್ಲ. ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನೊಂದು ಬೆಳೆ ಹೀಗೇ ಹೋದರೆ ಶೆಡ್ಡು ಮುಚ್ಚಬೇಕು ಎಂದು ಒಂದು ಸಲ ಅವರೇ ಹೇಳಿದ್ದರು, ಮಳೆ ಬರಬಹುದು ಎಂದು ಹೇಳುವ ಧಾಟಿಯಲ್ಲಿ.

ಆಮೇಲೆ ಯುರೋಪಿನ ಸುದ್ದಿ ಬಂತು.

ನಾನು ಬೆಳಿಗ್ಗೆ ಶೆಡ್ಡಿನ ಬಾಗಿಲೆತ್ತುವಾಗ ಊರಲ್ಲಿ ಸಂಜೆ. ಅಕ್ಕ ಆ ಹೊತ್ತಿಗೇ ಫೋನ್ ಮಾಡುತ್ತಾರೆ. ಅಂದು ಧ್ವನಿಯಲ್ಲೇ ಸಂಭ್ರಮವಿತ್ತು.

"ಲೋ, ಟೀವಿ ನೋಡ್ದೇನ್ಲಾ? ಯುರೋಪಿನೋರೂ ನಮ್ಮೋರೂ ಕೈ ಕೈ ಹಿಡ್ಕಂಡ್ರು. ಸುಂಕ ತೆಗೀತಾರಂತೆ."

"ಕೇಳ್ದೆ ಅಕ್ಕ. ಒಳ್ಳೇದಾಯ್ತು."

"ಅಲ್ಲಿನ ಯಾಪಾರಿ ಏಜೆಂಟ್ ಬಂದಿದ್ದ. ಸಣ್ಣದು ಎಷ್ಟಿದ್ರೂ ತಗತೀನಿ ಅಂದ. ಅದ್ಕೇ ರೈತ್ರಿಗೆಲ್ಲ ಹೇಳ್ಬಿಟ್ಟೆ, ನಾಳೆಯಿಂದ್ಲೇ ಸಣ್ಣದು ಕೀಳಿ ಅಂತ."

ನನ್ನ ಕೈ ಬಾಗಿಲ ಮೇಲೇ ನಿಂತಿತು. "ಎಲ್ಲಾ ಹೊಲದಾಗಾ?"

"ಎಲ್ಲಾದ್ರಾಗೂ."

"ಮತ್ತೆ ನನ್ ಕಾಯಿ?"

ಅಕ್ಕ, "ನಿಂಗೇ ಅಲ್ಲಿ ಸುಂಕ ಕಟ್ಟಿ ಕಟ್ಟಿ ಬೆನ್ ಬಗ್ಗೋಗೈತೆ ಅಂತಿದ್ದಲ್ಲ. ನಾನು ಬ್ಯಾರೆ ದಾರಿ ನೋಡ್ಕಂಡ್ರೆ ನಿಂಗೂ ಹಗುರ ಆಯ್ತದೆ ಅಂತ..." ಎಂದರು.

"ಒಪ್ಪಂದ ಇನ್ನೂ ಜಾರಿಗೆ ಬಂದಿಲ್ವಲ್ಲ ಅಕ್ಕ?"

"ಬರದೆ ಎಲ್ಲೋಯ್ತದೆ? ಎಲೆ ಅಡಿಕೆ ಬದಲಾಯಿಸ್ಕಂಡ ಮ್ಯಾಲೆ ಮದ್ವೆ ನಿಂತದ್ದು ನಮ್ಮೂರಾಗೆ ಎಲ್ಲಾರ ಕೇಳಿದ್ದೀಯಾ?"

ಅದು ನಿಜವೇ. ನಮ್ಮ ಕಡೆ ಎರಡು ಮನೆಯ ಹಿರಿಯರು ನಾಲ್ಕು ಜನರ ಮುಂದೆ ತಟ್ಟೆಯಲ್ಲಿ ಎಲೆ ಅಡಿಕೆ ಬದಲಿಸಿಕೊಂಡರೆ ಮುಗಿಯಿತು. ಆಮೇಲಿನ ಧಾರೆ, ಮಂಟಪ, ಊಟ ಎಲ್ಲ ಆಗಲೇ ಆದದ್ದನ್ನು ಊರಿಗೆ ತೋರಿಸುವ ಕೆಲಸ. ಟೀವಿಯಲ್ಲಿ ದೊಡ್ಡವರು ಕೈ ಕುಲುಕಿದ್ದನ್ನು ಅಕ್ಕ ಹಾಗೆ ನೋಡಿದರು. ನಾನೂ ಊರಲ್ಲೇ ಇದ್ದಿದ್ದರೆ ಹಾಗೇ ನೋಡುತ್ತಿದ್ದೆ.

ಆ ಭಾನುವಾರ ಡಾಲಸ್ ಕಡೆ ಹೋಗಬೇಕಿತ್ತು. ಇರ್ವಿಂಗ್‌ನಲ್ಲಿ ಬರ್ಗರ್ ಅಂಗಡಿಗೆ ಬಕೆಟ್ಟು ಇಳಿಸಿ, ಅಲ್ಲಿಂದ ಫ್ರಿಸ್ಕೋಗೆ ಹೋದೆ. ಅಲ್ಲಿ ನನಗೊಬ್ಬ ಸ್ನೇಹಿತನಿದ್ದಾನೆ, ಬೆಂಗಳೂರಿನವನು, ಕಂಪ್ಯೂಟರ್ ಕೆಲಸ, ನನಗಿಂತ ತುಂಬಾ ಚಿಕ್ಕವನು. ದೇವಸ್ಥಾನದ ಅಡುಗೆಮನೆಯಲ್ಲಿ ಒಟ್ಟಿಗೆ ಪಾತ್ರೆ ತೊಳೆದು ಪರಿಚಯವಾದವನು. ಅಣ್ಣ ಎನ್ನುತ್ತಾನೆ. ಸರ್ಕಾರದ ಕಾಗದ ಯಾವುದು ಬಂದರೂ ನಾನು ಅವನ ಮುಂದಿಡುತ್ತೇನೆ. ಅವನು ಓದಿ ಹೇಳುವಾಗ ನನ್ನನ್ನು ಕೀಳಾಗಿ ಕಾಣುವುದಿಲ್ಲ. ಅದಕ್ಕೇ ಅವನ ಬಳಿ ಹೋಗುವುದು.

ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನು ತುಂಬಾ ಹೊತ್ತು ಓದಿದ. ಅವನ ಮಗಳು ನಡುನಡುವೆ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿ ಹೋಗುತ್ತಿದ್ದಳು. ಅವನು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ.

"ಅಣ್ಣಾ, ಇದು ಇನ್ನೂ ದೂರ ಇದೆ," ಎಂದ.

"ಎಷ್ಟು ದೂರ?"

"ನೋಡಿ, ಆ ದೇಶಗಳೆಲ್ಲ ಸೇರಿ ಒಂದೇ ಕಾಂಪೌಂಡ್ ಹಾಕ್ಕೊಂಡಿದಾರೆ ಅನ್ಕೊಳ್ಳಿ. ಒಳಗಡೆ ಮನೆಯಿಂದ ಮನೆಗೆ ಹೋಗೋಕೆ ಗೇಟಿಲ್ಲ, ಸುಂಕ ಇಲ್ಲ. ಹೊರಗಿಂದ ಬರೋರಿಗೆ ಮಾತ್ರ ಎಲ್ಲಾರ್ದೂ ಸೇರಿ ಒಂದೇ ಗೇಟು. ಆ ಗೇಟಲ್ಲಿ ನಮ್ಮೋರಿಗೆ ಸುಂಕ ಇಳಿಸ್ತೀವಿ ಅಂತ ಈಗ ಮಾತು ಮುಗಿದಿದೆ, ಅಷ್ಟೇ."

"ಮಾತು ಮುಗಿದ ಮೇಲೆ ಇನ್ನೇನು ಉಳೀತು?"

"ಲಾಯರ್‌ಗಳು ಸಾಲು ಸಾಲು ಓದ್ಬೇಕು. ಆ ದೇಶಗಳ ಎಲ್ಲಾ ಭಾಷೆಗೂ ಟ್ರಾನ್ಸ್‌ಲೇಟ್ ಆಗ್ಬೇಕು. ಆಮೇಲೆ ಸಹಿ. ಆಮೇಲೆ ಅವರ ಪಾರ್ಲಿಮೆಂಟ್ ವೋಟ್ ಹಾಕ್ಬೇಕು. ಅದು ಬೇಡ ಅಂದ್ರೆ ಬೇಡ. ಈ ಕಡೆ ನಮ್ಮೋರೂ ಒಪ್ಬೇಕು."

"ಮಿಡಿಸೌತೆಗೆ ಅಷ್ಟೊಂದು ಭಾಷೇಲಿ ಹೆಸರಿದೆಯಾ?"

ಅವನು ನಕ್ಕ. "ನಾವು ತಿನ್ನಲ್ಲ, ಅವರು ತಿಂತಾರಲ್ಲ ಅಣ್ಣಾ. ಇರುತ್ತೆ."

"ವೋಟ್ ಯಾವಾಗ?"

"ಅದು ಅವರಿಗೂ ಗೊತ್ತಿದ್ದಂಗಿಲ್ಲ. ವರ್ಷ ಹಿಡೀಬಹುದು, ಇನ್ನೂ ಜಾಸ್ತಿ ಹಿಡೀಬಹುದು. ಅಕ್ಕಂಗೆ ಹೇಳಿ, ಇದನ್ನ ನಂಬ್ಕೊಂಡು ಈ ಬೆಳೆಗೆ ಏನೂ ಮಾಡ್ಬೇಡಿ ಅಂತ."

ಮಾಡಿಯಾಗಿದೆ ಎಂದು ನಾನು ಹೇಳಲಿಲ್ಲ. ಅವನ ಹೆಂಡತಿ ಕೊಟ್ಟ ಕಾಫಿ ಕುಡಿದು ಎದ್ದೆ. ಫ್ರಿಸ್ಕೋದಿಂದ ಹೂಸ್ಟನ್ನಿಗೆ ಉದ್ದ ದಾರಿ. ಸಾಮಾನ್ಯವಾಗಿ ಆ ದಾರಿಯಲ್ಲಿ ಊರಿನ ಯಾರಿಗಾದರೂ ಫೋನ್ ಹಚ್ಚಿಕೊಂಡು ಹೋಗುವವನು. ಅಂದು ಯಾರಿಗೂ ಮಾಡಲಿಲ್ಲ. ನನ್ನ ತಲೆಯಲ್ಲಿದ್ದದ್ದು ಆಗ ನನ್ನ ಕಾಯಿ ಮಾತ್ರ. ಬಳ್ಳಿ ಇನ್ನೂ ಕೆಲವು ವಾರ ಕಾಯಿ ಬಿಡುತ್ತದೆ. ಅಕ್ಕ ನಾಳೆಯೇ ಮನಸ್ಸು ಬದಲಿಸಿ ಎರಡು ದಿನ ಕೊಯ್ಲು ನಿಲ್ಲಿಸಿದರೆ ಕಾಯಿ ದಪ್ಪವಾಗುತ್ತದೆ, ನನ್ನ ಅಂಗಡಿಗಳು ತಪ್ಪುವುದಿಲ್ಲ.

ಬೆಳಿಗ್ಗೆ ಅದನ್ನೇ ಹೇಳಿದೆ. ಕಾಂಪೌಂಡು, ಗೇಟು, ಲಾಯರು, ವೋಟು ಎಲ್ಲ ಕೇಳಿಸಿಕೊಂಡ ಮೇಲೆ ಅಕ್ಕ ಕೇಳಿದರು, "ಅಂದ್ರೆ ಅವ್ರು ಒಪ್ಪಲ್ವಾ?"

"ಒಪ್ಪಬೋದು. ಯಾವಾಗ ಅಂತ ಗೊತ್ತಿಲ್ಲ."

"ಏಜೆಂಟ್ ಈಗ ಬ್ಯಾರೆ ರಾಗ ತೆಗೀತಾವ್ನೆ. ಸುಂಕ ಇಳಿದ ದಿವ್ಸದಿಂದ ತಗತೀನಿ, ಅಲ್ಲೀಗಂಟ ಪೀಪಾಯಿನಾಗೆ ಇರ್ಲಿ ಅಂತಾವ್ನೆ."

"ಅದ್ಕೇ ಹೇಳ್ತಿರೋದು. ಎರಡು ದಿನ ಕೀಳ್ಬೇಡಿ. ದಪ್ಪ ಆಗ್ಲಿ. ನಾನಿದ್ದೀನಲ್ಲ."

"ಆಗಾಕಿಲ್ಲ ಕಣ್ಲಾ."

"ಯಾಕೆ?"

"ರೈತ್ರಿಗೆ ಸಣ್ಣದ್ರ ರೇಟು ಹೇಳ್ಬಿಟ್ಟಿದ್ದೀನಿ. ಸಣ್ಣದು ಕೀಳಾಕೆ ಆಳು ಜಾಸ್ತಿ ಬೇಕು, ಗೊತ್ತಲ್ಲ ನಿಂಗೆ. ಅವ್ರೂ ಆಳ್ಗಳಿಗೆ ಹೇಳವ್ರೆ. ಈಗ ನಿಲ್ಸಿ ಅಂದ್ರೆ ನನ್ ಬಾಯಿಗೇನ್ ಬೆಲೆ?"

"ಯುರೋಪಿನೋರು ಸಹಿನೇ ಹಾಕಿಲ್ಲ ಅಕ್ಕ!"

"ಅವ್ರು ಹಾಕ್ದಿದ್ರೆ ಬುಡು. ನಾನ್ ಹಾಕಿದ್ದೀನಿ."

ನನಗೆ ಸಿಟ್ಟು ಬಂತು. ನನ್ನನ್ನು ಕೇಳಬೇಕಿತ್ತು ಎಂದೆ. ಇಷ್ಟು ವರ್ಷ ನಿಮ್ಮ ಕಾಯಿ ಬಿಟ್ಟು ಬೇರೆ ಕಾಯಿ ಮುಟ್ಟಿಲ್ಲ ಎಂದೆ. "ನಾನು ಇಲ್ಲಿ ಯಾರ ಮುಂದೂ ಕೈ ಚಾಚಿಲ್ಲ, ಇವತ್ತು ಕಾಯಿ ಇಲ್ಲ ಅಂತ ಅಂಗಡಿ ಅಂಗಡಿಗೆ ಹೋಗಿ ಹೇಳ್ಬೇಕಾ?" ಎಂದೆ. ಅಕ್ಕ ಜಗಳವಾಡಲಿಲ್ಲ. "ಬೈಯಿ. ನಿಂಗ್ ಹಕ್ಕೈತೆ," ಎಂದು ಫೋನ್ ಇಟ್ಟರು. ಜಗಳವಾಡಿದ್ದರೆ ಚೆನ್ನಾಗಿತ್ತು.

ಹೆಂಡತಿ ಆಸ್ಪತ್ರೆಯಿಂದ ಬಂದು ಕಾಲು ಚಾಚಿ ಕೂತಿದ್ದಳು. ನಾನು ಎಲ್ಲ ಹೇಳಿದೆ, ನನ್ನ ಕಡೆಯಿಂದ ಸ್ವಲ್ಪ ಜೋರಾಗಿಯೇ.

"ಆಯ್ತು, ನಿಮ್ ಕಾಯಿ ಹೋಯ್ತು. ಅವರ ಪೀಪಾಯಿ ಗತಿ ಏನು?" ಎಂದಳು.

"ಕಾಯಲಿ. ಉಪ್ಪುನೀರಲ್ಲಿ ಕಾಯಿ ಕೆಡಲ್ಲ."

"ಕಾಯಿ ಕೆಡಲ್ಲ ರೀ. ಆ ಹೆಂಗಸ್ರ ಮನೆ ಒಲೆ?"

ನಾನು ಅವಳಿಗೆ ನೀರು ತರಲು ಎದ್ದೆ.

"ನೀವು ದಪ್ಪದ್ದು ಸಿಗಲಿಲ್ಲ ಅಂತ ಕೂಗಾಡ್ತಿದೀರಿ. ಸಣ್ಣದನ್ನ ತಗೊಳ್ಳೋಕೆ ಆಗುತ್ತಾ ಅಂತ ಒಂದು ಸಲನಾದ್ರೂ ಯೋಚ್ನೆ ಮಾಡಿದ್ರಾ?"

"ಯಾರಿಗೆ ಮಾರ್ಲಿ? ಇಲ್ಲಿ ಯಾರೂ ಕೇಳಲ್ಲ ಅದನ್ನ."

"ಕೇಳಲ್ಲ, ನಿಜ. ನೀವು ಕೇಳ್ಬೇಕು."

ಅವಳು ಅಷ್ಟು ಹೇಳಿ ಸ್ನಾನಕ್ಕೆ ಹೋದಳು. ಅವಳಿಗೆ ಗೊತ್ತು, ನನಗೆ ಕಷ್ಟದ ಕೆಲಸ ಯಾವುದೆಂದು. ಮೂಟೆ ಹೊರುತ್ತೇನೆ, ಹಗಲೆಲ್ಲ ವ್ಯಾನ್ ಓಡಿಸುತ್ತೇನೆ. ಆದರೆ ಕೇಳದವನ ಮುಂದೆ ಸಾಮಾನು ಹಿಡಿದು ತಗೊಳ್ಳಪ್ಪ ಎಂದು ನಿಲ್ಲುವುದು ನನ್ನಿಂದಾಗದು. ನನ್ನ ಕಾಯನ್ನು ಜನ ಕೇಳಿ ತೆಗೆದುಕೊಳ್ಳಬೇಕು. ಅದು ನನ್ನ ಜಂಬ. ಅದನ್ನಿಟ್ಟುಕೊಂಡೇ ಇಲ್ಲಿ ಬಾಳಿದ್ದೇನೆ.

ಶೆಡ್ಡಿನ ಮೂಲೆಯಲ್ಲಿ ಹಿಂದಿನ ಸಲದ ಒಂದು ಪೀಪಾಯಿ ಸಣ್ಣ ಕಾಯಿ ಇತ್ತು. ಹಡಗಿಗೆ ತುಂಬುವಾಗ ತಪ್ಪಿ ಬಂದದ್ದು, ಮಾರಾಟವಾಗದೆ ನಿಂತದ್ದು. ಶನಿವಾರ ಅದರಿಂದ ಒಂದು ಡಬ್ಬಿ ತುಂಬಿಕೊಂಡು ಆಸ್ಟಿನ್ನಿಗೆ ಹೊರಟೆ. ದಾರಿಯುದ್ದಕ್ಕೂ ಹೇಗೆ ಮಾತು ಶುರು ಮಾಡಬೇಕು ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿಕೊಂಡು ನೋಡಿದೆ. ಒಂದೂ ಸರಿಹೋಗಲಿಲ್ಲ.

ಮೊದಲು ಹೋದ ಬಾರ್ಬೆಕ್ಯೂ ಅಂಗಡಿಯ ಯಜಮಾನ ನನಗಿಂತ ಹಿರಿಯ, ದಪ್ಪ ಆಸಾಮಿ. ಗಡ್ಡಕ್ಕೂ ಹೊಗೆ ಹತ್ತಿ ಹಳದಿಯಾಗಿದೆ. ಬೆಂಕಿಯ ಮುಂದೆ ಸೌದೆ ಸರಿಸುತ್ತ ಕೂತಿದ್ದ. ಡಬ್ಬಿಯನ್ನು ಅವನ ಪಕ್ಕದ ಬೆಂಚಿನ ಮೇಲಿಟ್ಟು ಮುಚ್ಚಳ ತೆಗೆದೆ.

"ಇದೇನು, ಸೌತೆಕಾಯಿಯ ಕೂಸಾ?" ಎಂದ.

"ರುಚಿ ಅದೇ. ಗಾತ್ರ ಬೇರೆ."

ಒಂದನ್ನು ಬಾಯಿಗೆ ಹಾಕಿಕೊಂಡು ಕಟುಂ ಎನ್ನಿಸಿದ. ಇನ್ನೊಂದನ್ನೂ ತಿಂದ. ತಲೆಯಾಡಿಸಿದ. ಆಮೇಲೆ ಮೇಜಿನ ಮೇಲೆ ಕಾಗದ ಹಾಸಿ ಮೂರು ನಾಲ್ಕು ಕಾಯಿ ಅದರ ಮೇಲಿಟ್ಟು, ಗಿರಾಕಿ ಹಿಡಿದುಕೊಂಡು ಹೋಗುವಂತೆ ಎತ್ತಿ ಎರಡು ಹೆಜ್ಜೆ ನಡೆದ. ಕಾಯಿ ಉರುಳಿ ನೆಲಕ್ಕೆ ಬಿದ್ದವು. ಅಂಗಡಿಯ ನಾಯಿ ಒಂದನ್ನು ಮೂಸಿ ಬಿಟ್ಟು ಹೋಯಿತು.

"ನೋಡಿದೆಯಾ? ಬಿಲ್ಲೆ ಇಟ್ಟ ಕಡೆ ಇರುತ್ತೆ. ಇದು ಓಡಿಹೋಗುತ್ತೆ. ದೊಡ್ಡದು ಏನಾಯ್ತು?"

ಇಲ್ಲಿಂದ ಮುಂದೆ ನಾನು ಅಭ್ಯಾಸ ಮಾಡಿದ್ದು ಯಾವುದೂ ನೆನಪಾಗಲಿಲ್ಲ. ಇದ್ದದ್ದನ್ನು ಹೇಳಿದೆ. ಊರಲ್ಲಿ ನನಗೆ ಕೆಲಸ ಕಲಿಸಿದ ಹೆಂಗಸೊಬ್ಬರಿದ್ದಾರೆ, ಯುರೋಪಿನವರು ಒಪ್ಪಂದಕ್ಕೆ ಕೈ ಕುಲುಕಿದ್ದನ್ನು ಕಂಡು ಎಲ್ಲ ಮುಗಿಯಿತು ಎಂದುಕೊಂಡರು, ಕಾಯಿ ಸಣ್ಣದಾಗಿಯೇ ಕೀಳಿಸಿದರು, ಈಗ ಪೀಪಾಯಿಗಳು ತುಂಬಿ ನಿಂತಿವೆ, ಈ ಬೆಳೆ ಹೋಗದಿದ್ದರೆ ಶೆಡ್ಡು ಮುಚ್ಚುತ್ತದೆ ಎಂದೆ. "ನೀನು ಕೇಳದೇ ಇದ್ದದ್ದನ್ನ ತಂದಿದ್ದೀನಿ. ಇದು ನನ್ನ ಅಭ್ಯಾಸ ಅಲ್ಲ," ಎಂದೆ.

ಅವನು ಸೌದೆಯನ್ನು ಕೋಲಿನಿಂದ ತಿವಿದು ಜೋರಾಗಿ ನಕ್ಕ. "ಯುರೋಪಿನವರ ಒಪ್ಪಿಗೆಯಾ? ನಮ್ಮ ಕಡೆಯ ದನದ ಮಾಂಸ ಒಪ್ಪೋದಕ್ಕೆ ಅವರು ನನ್ನ ತಲೆಕೂದಲು ಕಪ್ಪಗಿದ್ದಾಗಿಂದ ಯೋಚನೆ ಮಾಡ್ತಿದಾರೆ. ನಿನ್ನ ಅಕ್ಕನಿಗೆ ಹೇಳು, ಅವಳೊಬ್ಬಳೇ ಕಾಯ್ತಿಲ್ಲ ಅಂತ."

ನಾನೂ ನಕ್ಕೆ. ನಗಬೇಕೆಂದು ನಕ್ಕದ್ದಲ್ಲ, ಬಂದುಬಿಟ್ಟಿತು.

ಅವನು ಮಾಂಸ ಕೊಯ್ಯುವ ಉದ್ದ ಚಾಕು ತೆಗೆದು, ಒಂದು ಕಾಯನ್ನು ಹಲಗೆಯ ಮೇಲೆ ಒತ್ತಿಹಿಡಿದು ಉದ್ದಕ್ಕೆ ಸೀಳಿದ. ಎರಡು ಹೋಳನ್ನೂ ಬೋರಲಾಗಿ ಕಾಗದದ ಮೇಲಿಟ್ಟು ಮತ್ತೆ ಎತ್ತಿ ನಡೆದ. ಹೋಳುಗಳು ಅಲ್ಲಾಡಲಿಲ್ಲ.

"ಹೀಗೆ ಕೊಟ್ಟರೆ ತಗೋತೀನಿ. ಆದರೆ ನಿನ್ನ ಯಂತ್ರ ಅಡ್ಡಕ್ಕೆ ಕೊಯ್ಯೋದಲ್ವಾ? ಇದನ್ನ ಯಾರು ಸೀಳ್ತಾರೆ?"

"ನಾನು."

"ಎಲ್ಲಾನೂ?"

"ಎಲ್ಲಾನೂ."

ಅವನು ನನ್ನ ಕೈಗಳನ್ನು ನೋಡಿ, ಇನ್ನೇನೂ ಕೇಳದೆ, ಪಕ್ಕದ ಬೀದಿಯಲ್ಲಿರುವ ತನ್ನ ತಮ್ಮನ ಅಂಗಡಿಗೂ ಹೇಳುತ್ತೇನೆ ಎಂದ. ಎಲ್ಲ ಅಂಗಡಿಯವರೂ ಇಷ್ಟು ಒಳ್ಳೆಯ ಮಾತಾಡಲಿಲ್ಲ. ಆಸ್ಟಿನ್ನಿನಲ್ಲೇ ಒಬ್ಬ ಡಬ್ಬಿ ಮುಚ್ಚು ಎಂದ. ಇರ್ವಿಂಗ್‌ನ ಬರ್ಗರ್ ಅಂಗಡಿಯವನು ಬನ್ನಿನ ನಡುವೆ ಹೋಳು ನಿಲ್ಲುವುದಿಲ್ಲ ಎಂದು ನನ್ನನ್ನು ಬಿಟ್ಟು ಬೇರೆಯವರಿಂದ ತರಿಸಿಕೊಂಡ. ಅವನ ಮೇಲೆ ನನಗೆ ಬೇಜಾರಿಲ್ಲ, ಅವನ ಮಾತು ಸರಿಯಾಗಿಯೇ ಇತ್ತು. ಹೋದದ್ದು ಹೋಗಿ ಉಳಿದ ಅಂಗಡಿಗಳು ಸೇರಿ ಅಕ್ಕನ ಪೀಪಾಯಿಗಳಲ್ಲಿ ಒಂದು ಪಾಲು ಖಾಲಿಯಾಗುವಷ್ಟಾದವು.

ಸೋಮವಾರ ಬೆಳಿಗ್ಗೆ ಅಕ್ಕನಿಗೆ ನಾನೇ ಫೋನ್ ಮಾಡಿದೆ. ಅವರನ್ನು ಬೈದ ಮೇಲೆ ಮಾತಾಡಿರಲಿಲ್ಲ.

"ಸಣ್ಣದ್ರಲ್ಲಿ ಒಂದ್ ಕಂಟೇನರ್ ಕಳ್ಸಿ," ಎಂದೆ.

"ಯಾಕೆ, ಅಲ್ಲಿ ಸಣ್ಣದು ತಿನ್ನಾಕೆ ಕಲ್ತವ್ರಾ?"

"ಕಲಿಸ್ತಿದ್ದೀನಿ."

"ನಂಗೋಸ್ಕರ ಮಾಡ್ಬ್ಯಾಡ ಕಣ್ಲಾ. ನಷ್ಟ ಮಾಡ್ಕಂಡು..."

"ನಿಮಗೋಸ್ಕರ ಅಲ್ಲ. ನನ್ ಅಂಗಡಿ ನಡೀಬೇಕಲ್ಲ," ಎಂದೆ. ಅರ್ಧ ನಿಜ. ಅಕ್ಕನಿಗೂ ಗೊತ್ತಿತ್ತು, ಮುಂದೆ ಕೆದಕಲಿಲ್ಲ.

ಹಡಗು ಬಂತು. ಶೆಡ್ಡಿನಲ್ಲಿ ನನ್ನ ಜೊತೆ ಹೊಂಡುರಾಸ್‌ನ ಇಬ್ಬರು ಹೆಂಗಸರು ಕೆಲಸ ಮಾಡುತ್ತಾರೆ. ಮೊದಲ ದಿನ ಅವರು ಪೀಪಾಯಿ ನೋಡಿ, ಚಾಕು ನೋಡಿ, ನನ್ನ ಮುಖ ನೋಡಿದರು. ನಾನೇ ಮೊದಲು ಸ್ಟೂಲು ಎಳೆದುಕೊಂಡು ಕೂತೆ. ಹುಳಿನೀರು ಕೈಗವಸಿನೊಳಗೂ ಇಳಿದು ಬೆರಳ ಸಂದಿಯಲ್ಲಿ ಉರಿಯುತ್ತದೆ. ರಜೆಯ ದಿನ ಹೆಂಡತಿಯೂ ಬಂದು ಕೂರುತ್ತಾಳೆ. ಅವಳ ಹೋಳು ಅಳತೆ ಮಾಡಿದಂತೆ ಸಮ, ನನ್ನದು ಒಂದು ದಪ್ಪ ಒಂದು ತೆಳು. "ಯಜಮಾನ್ರೇ, ನಿಮ್ಮ ಹೋಳು ನೋಡಿದ್ರೆ ನಿಮ್ಮಕ್ಕ ಕೈಗೆ ಕೊಡ್ತಿದ್ರು ಒಂದು," ಎನ್ನುತ್ತಾಳೆ. ಆ ಇಬ್ಬರಿಗೆ ಕನ್ನಡ ಬಾರದು, ಆದರೂ ಅವಳು ನನ್ನನ್ನು ರೇಗಿಸಿದ್ದು ತಿಳಿದು ನಗುತ್ತಾರೆ.

ಫ್ರಿಸ್ಕೋದ ಸ್ನೇಹಿತ ಆಗಾಗ ಸುದ್ದಿ ಕಳಿಸುತ್ತಾನೆ. ಲಾಯರುಗಳು ಇನ್ನೂ ಓದುತ್ತಿದ್ದಾರೆ ಅಣ್ಣಾ. ಭಾಷಾಂತರ ನಡೀತಿದೆ ಅಣ್ಣಾ. ಅಲ್ಲಿನ ಯಾವುದೋ ದೇಶದ ರೈತರು ಬೇಡ ಅಂತಿದ್ದಾರಂತೆ ಅಣ್ಣಾ. ಆ ರೈತರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಅವರ ಬಳ್ಳಿಯಲ್ಲೂ ಏನೋ ಬೆಳೆದಿರುತ್ತದೆ, ಅದನ್ನೂ ಯಾರೋ ಕೊಳ್ಳಬೇಕಲ್ಲ.

ಫೋನು ಟಿಂಗ್ ಎಂದಾಗಲೆಲ್ಲ ನಾನು ಕೈ ಒರೆಸಿಕೊಂಡು ನೋಡುತ್ತೇನೆ. ಒಪ್ಪಿಗೆ ಆಗಿಬಿಟ್ಟಿರಲಿ ಎಂದುಕೊಂಡೇ ನೋಡುತ್ತೇನೆ. ಆಗಿದ್ದರೆ ಅಕ್ಕನ ಶೆಡ್ಡು ನನ್ನಂಥವನ ಹಂಗಿಲ್ಲದೆ ವಾರವಿಡೀ ತೆರೆದಿರುತ್ತದೆ. ಆಗಿಲ್ಲ ಎಂದು ಕಂಡಾಗ ಬೇಸರವಾಗುತ್ತದೆ. ಬೇಸರದ ಕೆಳಗೆ ಸ್ವಲ್ಪ ಸಮಾಧಾನವೂ ಇರುತ್ತದೆ. ಆಗಿದ್ದಿದ್ದರೆ ಈ ಕಾಯಿ ನನ್ನ ಮುಂದೆ ಇರುತ್ತಿರಲಿಲ್ಲ. ಇಂಥದ್ದೊಂದು ಸಮಾಧಾನ ನನ್ನೊಳಗಿದೆ ಎಂದು ಹೆಂಡತಿಗೂ ಹೇಳಿರಲಿಲ್ಲ. ಮೊನ್ನೆ ಅಕ್ಕ ಫೋನ್ ಮಾಡಿದಾಗ ಯಾಕೋ ಅವರಿಗೆ ಹೇಳಿದೆ.

"ನಂಗೊತ್ತಿಲ್ವೇನ್ಲಾ," ಎಂದರು ಅಕ್ಕ. "ನೀನೇನ್ ಕಲ್ಲಾ?"

ಆಮೇಲೆ ಫೋನ್ ಮಾಡಿದ ಕಾರಣಕ್ಕೆ ಬಂದರು. ಮುಂದಿನ ಬೆಳೆಗೆ ರೈತರಿಗೆ ಬೀಜ ಹಂಚುವ ಹೊತ್ತು. ಹಂಚುವಾಗಲೇ ಯಾವ ಗಾತ್ರ ಎಂದು ಹೇಳಬೇಕು. ರೈತರು ಅದಕ್ಕೆ ತಕ್ಕ ಹಾಗೆ ಆಳುಗಳನ್ನು ಗೊತ್ತು ಮಾಡಿಕೊಳ್ಳುತ್ತಾರೆ.

"ಈ ಸಲ ನಿನ್ ಕೇಳ್ದೆ ಏನೂ ಹೇಳಾಕಿಲ್ಲ ಅಂತ ಕೂತಿದ್ದೀನಿ. ಸಣ್ಣದೋ, ದಪ್ಪದೋ? ನೀನ್ ಹೇಳ್ದಂಗೆ."

ದಪ್ಪದ್ದು ಎಂದರೆ ನನ್ನ ಯಂತ್ರ ಮತ್ತೆ ತಿರುಗುತ್ತದೆ, ಇರ್ವಿಂಗ್‌ನ ಗಿರಾಕಿ ಮರಳಿ ಬರಬಹುದು, ಬೆರಳು ಉರಿಯುವುದು ನಿಲ್ಲುತ್ತದೆ. ಆದರೆ ಆ ಬೆಳೆ ಹೊಲದಲ್ಲಿರುವಾಗಲೇ ಅಲ್ಲಿ ವೋಟು ಬಿದ್ದು ಗೇಟು ತೆರೆದರೆ, ಕಳಿಸಲು ಅಕ್ಕನ ಬಳಿ ಸಣ್ಣ ಕಾಯಿ ಇರುವುದಿಲ್ಲ. ಏಜೆಂಟು ಪಕ್ಕದ ತಾಲ್ಲೂಕಿನ ಶೆಡ್ಡಿಗೆ ಹೋಗುತ್ತಾನೆ. ಒಮ್ಮೆ ಹೋದವನು ಮತ್ತೆ ಬರುವುದಿಲ್ಲ.

"ಸಣ್ಣದೇ ಹೇಳಿ," ಎಂದೆ.

"ಅವ್ರು ಒಪ್ಪದಿದ್ರೆ?"

"ಒಪ್ಪೋಗಂಟ ನಾನು ಸೀಳ್ತೀನಿ."

"ಒಪ್ಪಿದ್ ಮ್ಯಾಲೆ?"

"ಎಲ್ಲಾ ಅಲ್ಲಿಗೇ ಕಳ್ಸಿ. ನಾನು ಬ್ಯಾರೆ ಕಾಯಿ ನೋಡ್ಕತೀನಿ. ಮೆಕ್ಸಿಕೋ ಇಲ್ಲೇ ಹತ್ರ ಐತೆ."

ಅಕ್ಕನಿಗೆ ಈ ಮಾತು ಹಿಡಿಸಲಿಲ್ಲ. "ಆ ಮೆಕ್ಸಿಕೋದೋರಿಗೆ ಕಾಯಿ ಆರ್ಸಾಕೆ ಬತ್ತದಾ?" ಎಂದು ಕೇಳಿದರು.

"ಬರ್ದಿದ್ರೆ ಹೋಗಿ ಕಲಿಸ್ತೀನಿ."

"ನೀನಾ?" ಎಂದು ನಕ್ಕರು. ನಕ್ಕವರು ಫೋನ್ ಇಡಲಿಲ್ಲ. ಹಿಂದೆ ಶೆಡ್ಡಿನಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು, ನೀರು ಸುರಿಯುತ್ತಿತ್ತು. ಮೊದಲಿನಂಥ ಆ ಗಲಾಟೆಯಲ್ಲಿ ಅಕ್ಕ ಮುಂದೇನು ಹೇಳಿದರೋ ನನಗೆ ಸರಿಯಾಗಿ ಕೇಳಲಿಲ್ಲ. ಇನ್ನೊಂದು ಸಲ ಹೇಳಿ ಎನ್ನಲಿಲ್ಲ. ಫೋನನ್ನು ಪೀಪಾಯಿಯ ಮುಚ್ಚಳದ ಮೇಲೆ, ಜೋರಾಗಿ ಕೇಳಿಸುವಂತೆ ಇಟ್ಟು, ಚಾಕು ತೆಗೆದುಕೊಂಡೆ.